ಅಮಾವಾಸ್ಯೆಯ ಮುಂಚಿನ ಜೋಡಿ ಪಾಳಿ

ನಮ್ಮ ವಂಶದಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾವು ಕುರುಗೋಡಿನ ಪಿಂಜಾರರು. ಹೆಗಲಿಗೆ ಬಿಲ್ಲು ಹಾಕಿಕೊಂಡು ಊರೂರು ತಿರುಗಿ, ಹತ್ತಿ ಹಿಂಜಿ, ಗಾದಿ ತುಂಬಿ ಹೊಟ್ಟೆ ಹೊರೆದ ಮಂದಿ. ಅಪ್ಪನಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ನಾನು ಮದರಾಸಿಗೆ ಹೋಗಿ, ಮಸೀದಿಯ ಪಡಸಾಲೆಯಲ್ಲಿ ಮಲಗಿ, ಒಮ್ಮೆ ಫೇಲಾಗಿ, ಮತ್ತೆ ಕೂತು ಪಾಸಾದೆ. ಬಳ್ಳಾರಿಗೆ ಮರಳಿ ಒಂದು ಶಾಲೆಯಲ್ಲಿ ಮಾಸ್ತರನಾದೆ. ಕೌಲ್ ಬಜಾರಿನಲ್ಲಿ ನಾನು ನಡೆದು ಹೋಗುವಾಗ ಚಪ್ಪಲಿ ಹೊಲಿಯುವವರಿಂದ ಹಿಡಿದು ಅತ್ತರಿನ ಅಂಗಡಿಯವರ ತನಕ ಸಲಾಮು ಹೇಳುತ್ತಿದ್ದರು. ನಾನು ಆ ಸಲಾಮನ್ನು ನಿಂತು ತೆಗೆದುಕೊಳ್ಳುತ್ತಿದ್ದೆ.

ಆದರೆ ಆ ಪದವಿಯ ಹೆಚ್ಚಿನ ಪಾಲು ಅಕ್ಕನದು. ಅವಳು ನನಗಿಂತ ಹಿರಿಯಳು. ಸಿರುಗುಪ್ಪದ ಹತ್ತಿರದ ದೇಶನೂರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ವಾಪಸು ಬಂದಳು. ಅಪ್ಪನೂ ಹೋಗಿದ್ದ. ಅವಳು ಕೌಲ್ ಬಜಾರಿನಲ್ಲಿ ಒಂದು ಕೋಣೆ ಹಿಡಿದು, ಊರ ಹೊರಗಿನ ಹತ್ತಿ ಕಾರ್ಖಾನೆಗೆ ಸೇರಿಕೊಂಡಳು. ನಾನು ಮದರಾಸಿನಲ್ಲಿ ಓದಿದ್ದು ಅವಳ ಕೂಲಿಯ ಮೇಲೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ಎಲ್ಲಾದರೂ ನನ್ನ ಸಿಟ್ಟು ಅವಳ ಮೇಲೆ ಹೋದ ಹಾಗೆ ಕಂಡರೆ, ಅದು ಅವಳ ಕೈಗಳಿಗಾಗಿ ಬಂದ ಸಿಟ್ಟು ಎಂದು ಓದಿಕೊಳ್ಳಬೇಕು.

ಅವಳ ಕೆಲಸ ಹತ್ತಿಯಿಂದ ಕಾಳು ಬಿಡಿಸುವ ಯಂತ್ರಕ್ಕೆ ಹತ್ತಿ ಉಣಿಸುವುದು. ತೊಗಲು ಸುತ್ತಿದ ಒಂದು ಉರುಳು, ಅದಕ್ಕೆ ಒತ್ತಿಕೊಂಡು ಮೇಲಕ್ಕೂ ಕೆಳಕ್ಕೂ ಬಡಿಯುವ ಒಂದು ಅಲಗು. ಉರುಳು ಅರಳೆಯನ್ನು ಕಚ್ಚಿ ಎಳೆಯುತ್ತದೆ, ಅಲಗು ಕಾಳನ್ನು ಉದುರಿಸುತ್ತದೆ. ಹೆಂಗಸು ಎದುರಿಗೆ ನಿಂತು ಎರಡೂ ಕೈಯಿಂದ ಹತ್ತಿಯನ್ನು ತಳ್ಳುತ್ತಲೇ ಇರಬೇಕು. ತಳ್ಳಬೇಕು, ಆದರೆ ಎಲ್ಲಿಗೆ ನಿಲ್ಲಿಸಬೇಕು ಎಂಬುದು ಬೆರಳಿಗೆ ಗೊತ್ತಿರಬೇಕು. ಬೆರಳು ಮರೆತರೆ ಉರುಳಿಗೆ ಅರಳೆ ಯಾವುದು, ಕೈ ಯಾವುದು ಎಂಬ ಭೇದವಿಲ್ಲ.

ಇಂಗ್ಲಿಷಿನವರು ಆ ಯಂತ್ರಕ್ಕೆ ‘ಜಿನ್’ ಎನ್ನುತ್ತಾರೆ. ಎಲ್ಲ ತೊಡಕೂ ಅಲ್ಲಿಂದಲೇ ಶುರು. ನಮ್ಮ ಕಿವಿಗೆ ಜಿನ್ನು ಎಂದರೆ ಬೇರೆ: ಬೆಂಕಿಯಿಂದ ಹುಟ್ಟಿದ್ದು, ಕಣ್ಣಿಗೆ ಕಾಣದ್ದು, ಹಾಳು ಬಾವಿಯಲ್ಲೂ ಹುಣಸೆ ಮರದಲ್ಲೂ ಇರುವಂಥದ್ದು. ‘ನನ್ನ ಮಗಳು ಜಿನ್ನಿನ ಮನ್ಯಾಗ ದುಡೀತಾಳ’ ಎಂದು ನಮ್ಮವ್ವ ಕುರುಗೋಡಿನಲ್ಲಿ ಎಲ್ಲರ ಎದುರಿಗೂ ಹೇಳುತ್ತಿದ್ದಳು. ಕೇಳಿದವರು ಅಲ್ಲಾನನ್ನೂ ಬಸವಣ್ಣನನ್ನೂ ಒಟ್ಟಿಗೆ ನೆನೆದುಕೊಳ್ಳುತ್ತಿದ್ದರು. ಅದು ಯಂತ್ರದ ಹೆಸರು, ಇಂಗ್ಲಿಷ್ ಮಾತು, ಎಂಜಿನ್ ಎನ್ನುವ ಮಾತಿನ ಬಾಲ ಎಂದು ನಾನು ಎಷ್ಟು ಸಲ ಬಿಡಿಸಿ ಹೇಳಿದೆನೋ.

“ಬಾಲ ಅಂತೀಯಲ್ಲ ಯಪ್ಪಾ, ಬಾಲ ಐತಿ ಅಂದಮ್ಯಾಲ ತಲೀನೂ ಇರತೈತಿ ಬಿಡು,” ಎಂದಳು ಅವ್ವ.

ಇಂಥ ಉತ್ತರಕ್ಕೆ ಬಿ.ಎ.ಯಲ್ಲಿ ಏನೂ ಹೇಳಿಕೊಟ್ಟಿರಲಿಲ್ಲ.

ಕಾರ್ಖಾನೆಯಲ್ಲಿ ಎರಡು ಪಾಳಿ ಇದ್ದವು. ಬೆಳಗಿನ ಪಾಳಿಯವರು ಹೊತ್ತು ಮೂಡುವ ಮುಂಚೆ ಹೋಗಿ ಮಧ್ಯಾಹ್ನ ಬರುತ್ತಿದ್ದರು. ಮಧ್ಯಾಹ್ನದ ಪಾಳಿಯವರು ಆಗ ಹೋಗಿ, ಊರು ಉಂಡು ಮಲಗುವ ಹೊತ್ತಿಗೆ ಬರುತ್ತಿದ್ದರು. ಆಮೇಲೆ ಎಂಜಿನ್ನಿಗೂ ವಿಶ್ರಾಂತಿ. ಅಮಾವಾಸ್ಯೆಗೆ ರಜೆ. ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಾಣ ತಿರುಗುವುದಿಲ್ಲ. ನಮಾಜು ಮಾಡುವ ನಮ್ಮ ಮನೆಯಲ್ಲೂ ಅಪ್ಪ ಆ ದಿನ ಬಿಲ್ಲು ಮುಟ್ಟುತ್ತಿರಲಿಲ್ಲ. ಹಾಗಾಗಿ ಕಾರ್ಖಾನೆಯೂ ನಿಲ್ಲುತ್ತಿತ್ತು. ಪಾಳಿ ಅದಲು ಬದಲಾಗುವುದೂ ಅವತ್ತೇ: ಬೆಳಗಿನವರು ಮಧ್ಯಾಹ್ನಕ್ಕೆ, ಮಧ್ಯಾಹ್ನದವರು ಬೆಳಗಿಗೆ.

ಆದರೆ ಸಾಹುಕಾರ ಆ ರಜೆಯನ್ನು ಬಿಟ್ಟಿ ಕೊಡುತ್ತಿರಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನಕ್ಕೆ ಹೋದವರು ರಾತ್ರಿ ಮನೆಗೆ ಬರುವಂತಿರಲಿಲ್ಲ. ಬೆಳಕು ಹರಿಯುವವರೆಗೂ ನಿಲ್ಲಬೇಕು. ಇದಕ್ಕೆ ಜೋಡಿ ಪಾಳಿ ಎಂದು ಹೆಸರು. ನಿಂತ ಯಂತ್ರದ ಲೆಕ್ಕ ಹೆಂಗಸರು ನಿಂತು ತೀರಿಸಬೇಕು.

ಕೈ ಹೋಗುತ್ತಿದ್ದದ್ದು ಆ ಬೆಳಗಿನ ಜಾವದಲ್ಲೇ. ಕೋಳಿ ಕೂಗುವ ಹೊತ್ತು, ಅಂದರೆ ಅಮಾವಾಸ್ಯೆಯ ದಿನ ಹುಟ್ಟುವ ಹೊತ್ತು. ಇನ್ನೇನು ಬೇಕು. ಜಿನ್ನು ಅಮಾವಾಸ್ಯೆಗೆ ಹಸಿದು ಏಳುತ್ತದೆ ಎಂದು ಕೌಲ್ ಬಜಾರಿನ ಎಲ್ಲ ಓಣಿಗಳೂ ತೀರ್ಮಾನ ಮಾಡಿಬಿಟ್ಟಿದ್ದವು. ಸಾಬರು, ಲಿಂಗಾಯತರು, ತೆಲುಗಿನವರು, ಬೇರೆ ಯಾವ ವಿಷಯದಲ್ಲೂ ಇಷ್ಟು ಒಮ್ಮತ ಇದ್ದದ್ದನ್ನು ನಾನು ಕಂಡಿಲ್ಲ.

ನಾನು ಮದರಾಸಿನಿಂದ ಬಂದ ವರ್ಷವೇ ನಮ್ಮ ಪಕ್ಕದ ಮನೆಯ ಹೆಂಗಸಿನ ಎರಡು ಬೆರಳು ಹೋದವು. ನಾವು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆವು, ಸಂಬಂಧದಿಂದಲ್ಲ, ಓಣಿಯ ಬಳಕೆಯಿಂದ. ಲಿಂಗಾಯತರಾಕೆ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅಮಾವಾಸ್ಯೆಯ ಬೆಳಿಗ್ಗೆ ಆಕೆಯನ್ನು ಬಂಡಿಯಲ್ಲಿ ಕರೆತಂದರು. ನಾನು ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರರ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದೆ. ಅವರು ಗಾಯ ಕಟ್ಟುತ್ತಾ, ಈ ಜನಕ್ಕೆ ಕೆಲಸದ ಮೇಲೆ ಗಮನವಿಲ್ಲ, ಹರಟೆ ಹೊಡೆಯುತ್ತಾ ನಿಲ್ಲುತ್ತಾರೆ ಎಂದರು. ನಿನ್ನೆ ಮಧ್ಯಾಹ್ನದಿಂದ ನಿಂತಿದ್ದಾಳೆ ಎಂದೆ. ಹೌದಾ ಎಂದು ಬಟ್ಟೆಯ ಗಂಟು ಬಿಗಿದರು. ಆ ‘ಹೌದಾ’ ನನ್ನ ಮೈ ಉರಿಸಿತು. ಕೇಳಿಸಿಕೊಂಡೂ ಒಳಗೆ ಬಿಟ್ಟುಕೊಳ್ಳದ ಮಾತು ಅದು.

ದಾರಿಯಲ್ಲಿ ಚಿಗವ್ವನನ್ನು ಕೇಳಿದೆ. “ಚಿಗವ್ವಾ, ಖರೇ ಹೇಳು. ಆಗ ನಿದ್ದಿ ಬಂದಿತ್ತೇನು?”

“ನಿದ್ದಿ ಎಲ್ಲಿದ್ದು ಬಂತೋ. ಕಣ್ಣು ತೆರದೇ ಇದ್ದೆ. ಬಿಳೇದೇನೋ ಕರದಂಗಾತು, ಕೈ ಹೋತು. ಜಿನ್ನು ಕರೀತು ಅಷ್ಟ.”

“ಬಿಳೇದು ಅಂದ್ರ ಅರಳಿ ಅಲ್ಲೇನು?”

“ಅರಳಿ ಕರೀತೈತೇನೋ ಮಂಗ್ಯಾ? ಓದಿ ಓದಿ ತೆಲಿ ಕೆಟ್ಟೈತಿ ನಿನ್ನದು.”

ಕಣ್ಣು ತೆರೆದೇ ನಿದ್ದೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಪರೀಕ್ಷೆಯ ಮುಂಚಿನ ದಿನಗಳಲ್ಲಿ ನಾನು ಕಣ್ಣು ಬಿಟ್ಟುಕೊಂಡೇ ಒಂದೇ ವಾಕ್ಯವನ್ನು ಮೂರು ಸಲ ಬರೆದು, ಅದರ ಮೇಲೆ ಮಸಿ ಚೆಲ್ಲಿದ್ದೆ. ನನ್ನ ತೂಕಡಿಕೆಗೆ ಒಂದು ಹಾಳೆ ಹೋಯಿತು. ಕೈಯಲ್ಲಿ ಲೇಖನಿ ಇದ್ದವನಿಗೂ ಅಲಗಿನ ಎದುರು ನಿಂತವಳಿಗೂ ಬರುವುದು ಅದೇ ನಿದ್ದೆ. ಇದನ್ನು ತಿಳಿಯಲು ಬಿ.ಎ. ಕೂಡ ಬೇಕಿಲ್ಲ. ಮನೆಯಲ್ಲಿ ಅಕ್ಕನನ್ನು ನೋಡಿದರೆ ಸಾಕಿತ್ತು. ಜೋಡಿ ಪಾಳಿ ಮುಗಿಸಿ ಬಂದವಳು ರೊಟ್ಟಿ ಬಡಿಯಲು ಕೂತರೆ, ಬಡಿಯುವ ಕೈ ಎತ್ತಿದಲ್ಲೇ ನಿಂತುಬಿಡುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಎದ್ದಾಗ ಬೆಚ್ಚಿ, “ಯಾಕ ಹಿಂಗ ಉರಿ ಹಾಕೀಯೋ” ಎಂದು ನನ್ನನ್ನೇ ಬೈಯುತ್ತಿದ್ದಳು. ಮಲಗಿದ ಮೇಲೂ ಅವಳ ಎರಡು ಕೈ ಕೌದಿಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತಿದ್ದವು.

ಓಣಿಯಲ್ಲಿ ಬೆರಳು ಕಳೆದುಕೊಂಡವರ ಮನೆಗಳಿಗೆ ನಾನೇ ಹೋಗಿ ಕೇಳಿದೆ. ಯಾವ ಪಾಳಿ, ಯಾವ ಹೊತ್ತು, ಅದಕ್ಕೆ ಮುಂಚೆ ಯಾವಾಗ ಮಲಗಿದ್ದೆ. ಎಲ್ಲರದೂ ಜೋಡಿ ಪಾಳಿಯ ಕೊನೆ. ಒಬ್ಬಾಕೆಯದು ಮಾತ್ರ ಹುಣ್ಣಿಮೆಯ ಹತ್ತಿರ. ಆಕೆಯ ಮಗುವಿಗೆ ಜ್ವರ ಬಂದು ಎರಡು ರಾತ್ರಿ ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳಂತೆ, ಮೂರನೆಯ ದಿನ ಯಂತ್ರಕ್ಕೆ ಕೈ ಕೊಟ್ಟಳು. ನೋಡಿರಿ, ಇದು ಅಮಾವಾಸ್ಯೆಯಲ್ಲ, ನಿದ್ದೆಗೇಡು ಎಂದೆ. ಅದಕ್ಕೆ ಅವಳ ಅತ್ತೆ, ಆಕೆ ಬರುವಾಗ ಮೂರು ದಾರಿ ಕೂಡಿದಲ್ಲಿ ನಿಂಬೆಹಣ್ಣು ದಾಟಿದ್ದಳು ಎಂದಳು. ಯಾರು ನೋಡಿದರು ಎಂದೆ. ದಾಟಿರದಿದ್ದರೆ ಕೈ ಯಾಕೆ ಹೋಗುತ್ತಿತ್ತು ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಅಷ್ಟರಲ್ಲಿ ಅಕ್ಕನ ಪಾಳಿ ತಿರುಗಿತು. ಬರುವ ಅಮಾವಾಸ್ಯೆಯ ಮುಂಚಿನ ಮಧ್ಯಾಹ್ನ ಅವಳದು. ಆ ತಿಂಗಳೆಲ್ಲ ನನಗೆ ಇದ್ದದ್ದು ಒಂದೇ ಯೋಚನೆ: ಅವಳು ಆ ಜೋಡಿ ಪಾಳಿಗೆ ನಿಲ್ಲಬಾರದು.

“ಅವತ್ತೊಂದು ದಿನ ಹೋಗಬ್ಯಾಡ,” ಎಂದೆ.

“ಹೋಗದಿದ್ರ ನನ್ನ ಜಿನ್ನು ಬ್ಯಾರೆದಾಕಿಗೆ ಹೋಗತೈತಿ. ಗೇಟಿನ ಮುಂದ ಎಷ್ಟು ಮಂದಿ ಕುಂತಿರ್ತಾರ ಗೊತ್ತೇನು?”

“ಹೋಗಲಿ ಬಿಡು. ನನಗ ನೌಕರಿ ಐತಿ. ನೀ ಮನ್ಯಾಗಿರು.”

“ನೀ ಲಗ್ನ ಆಗು. ಬಂದಾಕಿ ‘ಇಕಿ ಯಾಕ ಇಲ್ಲಿ ಕುಂತಾಳ’ ಅಂತ ಕೇಳತಾಳ. ಆಗ ನಿನ್ನ ಇಂಗ್ಲಿಷು ನನಗ ರೊಟ್ಟಿ ಹಾಕತೈತೇನು?”

“ಹಂಗಾರ ದೇಶನೂರಿಗೆ ಹೋಗು. ನಾಟಿ ಹಚ್ಚೋ ಕೆಲಸ ಸಿಗತೈತಿ. ನಿನ್ನ ಮೈದುನರು ಅದಾರ.”

“ಕಾಲುವಿ ನೀರಾಗ ನಿಂತು ಕಾಲು ಕೊಳಿಸ್ಕೊಳ್ಳಾಕ? ಇಲ್ಲಿ ಕೈ ಹೋಗತೈತೋ ಇಲ್ಲೋ, ಅಲ್ಲಿ ಕಾಲು ಹೋಗೂದು ಗ್ಯಾರಂಟಿ.” ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. “ಅಂಜಬ್ಯಾಡ ತಮ್ಮಾ. ಅವ್ವ ತಾಯಿತ ಕಳಿಸ್ಯಾಳ.”

ಅವ್ವ ತಾಯಿತದ ಜೊತೆ ಕುರುಗೋಡಿನ ಬಸವಣ್ಣನ ವಿಭೂತಿಯನ್ನೂ ಕಳಿಸಿದ್ದಳು. ಎರಡನ್ನೂ ಒಂದೇ ಕರಿ ದಾರದಲ್ಲಿ ಕಟ್ಟಿದ್ದಳು. ನಿದ್ದೆಯನ್ನು ಮಾತ್ರ ಯಾರೂ ಗಂಟು ಕಟ್ಟಿ ಕಳಿಸಲಿಲ್ಲ.

ಅವಳು ಕೇಳುವುದಿಲ್ಲ ಎಂದಾದ ಮೇಲೆ ನಾನು ಕಾರಭಾರಿಯ ಹತ್ತಿರ ಹೋದೆ. ಸಾಹುಕಾರ ದೂರದ ಊರಿನಲ್ಲಿದ್ದ. ಕಾರ್ಖಾನೆ ನಡೆಸುತ್ತಿದ್ದವನು ಈ ಕಾರಭಾರಿ. ಸಿರುಗುಪ್ಪದ ಕಡೆಯವನು, ಮನೆಮಾತು ತೆಲುಗು, ಹಣೆಯ ತುಂಬ ವಿಭೂತಿ, ಬಾಯಲ್ಲಿ ಸದಾ ಎಲೆ ಅಡಿಕೆ. ಕೆಟ್ಟ ಮನುಷ್ಯನಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಕುರ್ಚಿ ಹಾಕಿಸಿದ. ನಾನು ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ತಲೆ ಅಲ್ಲಾಡಿಸುತ್ತಾ ಕೇಳಿದ.

“ಮಾಸ್ತರ್ರ, ನೀವು ಹೇಳೂದು ಬರೋಬ್ಬರಿ ಐತಿ. ಆದ್ರ ಈ ಹೆಂಗಸ್ರು ನಿದ್ದಿ ಬೇಕು ಅಂತ ಒಬ್ಬರರೆ ಕೇಳ್ಯಾರೇನು? ಜಿನ್ನಿಗೆ ಬಲಿ ಕೊಡಾಕ ಆಡು ಬೇಕು ಅಂತಾರ. ಕೊಡಸೀನಿ. ಫಕೀರನ್ನ ಕರಸ್ರಿ ಅಂದ್ರು. ಕರಸೀನಿ. ಮೊನ್ನಿ ಇವ್ರ ಬಂದು, ಈ ಸಲ ಅಮಾಸಿ ತಿಥಿ ಹಿಂದಿನ ದಿನದ ಮಧ್ಯಾಹ್ನಕ್ಕೇ ಹೊಕ್ಕತೈತಿ, ಆಗಿಂದ ಜಿನ್ನು ನಿಲ್ಲಸ್ರಿ ಅಂದ್ರು. ಅದಕ್ಕೂ ಹೂಂ ಅಂದೀನಿ.”

ಇದು ನನಗೆ ಹೊಸ ಸುದ್ದಿ. “ಅಂದ್ರ ಹಿಂದಿನ ದಿನದ ಜೋಡಿ ಪಾಳಿ ಇಲ್ಲೇನು?”

“ಇಲ್ಲ. ತಿಥಿಯೊಳಗ ಒಂದು ಕಾಳು ಉದುರಂಗಿಲ್ಲ.”

ನನಗೆ ಅವನಿಗೆ ಕೈ ಮುಗಿಯಬೇಕು ಅನ್ನಿಸಿತು. ಕಾರಣ ಸುಳ್ಳಾದರೇನು, ನಿದ್ದೆ ಸಿಕ್ಕಿದರೆ ಸಾಕು. ಎದ್ದು ನಿಂತೆ. ಅವನು ಎಲೆಗೆ ಸುಣ್ಣ ಹಚ್ಚುತ್ತಾ ಮಾತು ಮುಂದುವರಿಸಿದ.

“ಮೊದಲು ಒಂದು ದಿನ ನಿಲ್ಲತಿತ್ತು. ಈಗ ಒಂದೂವರಿ ದಿನ ಆತು. ಅದಕ್ಕ ಜೋಡಿ ಪಾಳಿ ಎರಡು ಮಾಡೀನಿ. ತಿಥಿಗೆ ಮುಂಚಿನ ಎರಡು ದಿನ, ಸಾಲಾಗಿ. ಎಲ್ಲಾರೂ ಒಪ್ಯಾರ.”

“ಒಪ್ಯಾರ?”

“ಖುಷಿಯಾಗಿ ಒಪ್ಯಾರ. ಕೇಳ್ರಿ ಬೇಕಾರ.”

ಕೇಳಿದೆ. ಖರೇ ಖುಷಿಯಾಗಿದ್ದರು. ಚಿಗವ್ವ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ನಮ್ಮ ಕೈ ಹೋದದ್ದಕ್ಕೆ ಇಷ್ಟಾದರೂ ಆಯಿತು, ಇನ್ನು ಯಾರ ಕೈಯೂ ಹೋಗುವುದಿಲ್ಲ ಎಂದಳು. ನಾನು ಅಂಗಳದಲ್ಲಿ ನಿಂತು ಗಂಟಲು ಹರಿಯುವಂತೆ ಹೇಳಿದೆ: ಇದ್ದ ಒಂದು ಜೋಡಿ ಪಾಳಿಯನ್ನು ನೀವೇ ಬೇಡಿ ಎರಡು ಮಾಡಿಕೊಂಡಿರಿ, ಎರಡು ದಿನ ಸಾಲಾಗಿ ಮಧ್ಯಾಹ್ನದಿಂದ ಬೆಳಗಿನವರೆಗೆ ನಿಂತರೆ ಜಿನ್ನು ಬೇಡ, ಕುಡುಗೋಲೂ ಬೆರಳು ತೆಗೆದುಕೊಳ್ಳುತ್ತದೆ. ಒಬ್ಬಾಕೆ, “ಪಾಪ, ಅಕ್ಕನ ಮ್ಯಾಲ ಜೀವ ಅವಂಗ” ಎಂದಳು. ಮುಗಿಯಿತು. ಲೆಕ್ಕ ಹೇಳಿದರೆ ಅದನ್ನು ಮಮತೆ ಎಂದು ಮಡಚಿ ಇಟ್ಟುಬಿಡುವ ಮಂದಿಗೆ ಏನು ಹೇಳುತ್ತೀರಿ.

ಆ ಎರಡು ದಿನಗಳು ಬಂದವು. ಮೊದಲನೆಯ ಜೋಡಿ ಪಾಳಿ ಮುಗಿದ ಬೆಳಿಗ್ಗೆ ಅಕ್ಕ ಮನೆಗೆ ಬಂದಳು, ನೀರು ತಂದಳು, ಒಲೆ ಹಚ್ಚಿದಳು. ನಾನು ಮಾಡುತ್ತೇನೆ, ಮಲಗು ಎಂದರೆ, ಗಂಡಸು ಒಲೆ ಮುಂದೆ ಕೂತರೆ ಓಣಿಯವರು ನಗುತ್ತಾರೆ ಎಂದಳು. ಬಲವಂತದಿಂದ ಮಲಗಿಸಿದೆ. ಕೌಲ್ ಬಜಾರಿನ ಹಗಲು ಗೊತ್ತಲ್ಲ, ಬಡಗಿಯ ಸುತ್ತಿಗೆ, ಕುದುರೆಗಾಡಿ, ತರಕಾರಿಯವರ ಕೂಗು, ಮಾರ್ಚ್ ತಿಂಗಳ ಬಿಸಿಲು. ಹೊರಳಾಡಿದಳು. ನಾನು ಶಾಲೆಗೆ ಹೋಗಿದ್ದಾಗ ಎದ್ದು ಮತ್ತೆ ಹೋಗಿಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ನಾನು ಕಾರ್ಖಾನೆಯ ದಾರಿಯಲ್ಲೇ ಇದ್ದೆ. ಎದುರಿಗೆ ಬಂಡಿ ಬಂತು. ಬಂಡಿಯಲ್ಲಿ ಅಕ್ಕ ಕೂತಿದ್ದಳು, ಬಲಗೈಗೆ ಸೆರಗು ಸುತ್ತಿಕೊಂಡು. ಸೆರಗಿನ ಬಣ್ಣ ಹೇಳುವುದಿಲ್ಲ. ನನ್ನನ್ನು ನೋಡಿ ಅವಳು ಹೇಳಿದ ಮೊದಲ ಮಾತು: “ಹೆಬ್ಬೆಟ್ಟು ಉಳಕೊಂಡೈತಿ ತಮ್ಮಾ. ರೊಟ್ಟಿ ಬಡಿಯಾಕ ಬರತೈತಿ.”

ಮೂರು ಬೆರಳು ಹೋಗಿದ್ದವು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು, ಅದೇ ಬಟ್ಟೆ. ಈ ಸಲ ನಾನು ಅವರ ಜೊತೆ ಇಂಗ್ಲಿಷ್ ಮಾತಾಡಲಿಲ್ಲ.

ಅಷ್ಟು ಸಿಟ್ಟಿನಲ್ಲೂ ಒಂದು ಸಮಾಧಾನ ನನ್ನ ತಲೆಯಲ್ಲಿ ಹುಟ್ಟಿತ್ತು: ಇನ್ನು ಇವರು ಒಪ್ಪಲೇಬೇಕು. ತಿಥಿ ಹೊಕ್ಕಿದ್ದು ಮಧ್ಯಾಹ್ನ. ಕೈ ಹೋದದ್ದು ಅದಕ್ಕೂ ಮುಂಚೆ, ಬೆಳಗಿನ ಜಾವ. ಪಂಚಾಂಗದ ಪ್ರಕಾರ ಅದು ಇನ್ನೂ ಚತುರ್ದಶಿ. ಅಮಾವಾಸ್ಯೆಯ ಮೇಲೆ ಹೊರಿಸಲು ಅಮಾವಾಸ್ಯೆಯೇ ಇರಲಿಲ್ಲ. ಇದನ್ನು ಸಂಜೆ ಓಣಿಯಲ್ಲಿ ಹೇಳಿದೆ. ನಾನು ಗೆದ್ದೆ ಎಂದುಕೊಂಡೆ.

ಚಿಗವ್ವ ಯೋಚನೆ ಮಾಡಿ ಹೇಳಿದಳು. “ಅಲ್ಲೋ, ಜಿನ್ನು ನಿಮ್ಮ ಪೈಕಿದಲ್ಲೇನು? ಸಾಬರ ದೆವ್ವ ಅದು. ಅದಕ್ಕ ನಮ್ಮ ಅಯ್ಯನೋರ ಪಂಚಾಂಗ ಹೆಂಗ ಗೊತ್ತಾಗಬೇಕು? ಅದು ಚಂದ್ರನ್ನ ನೋಡೇ ಲೆಕ್ಕ ಹಾಕತೈತಿ. ಹಿಂದಿನ ದಿನ ಚಂದ್ರ ಕಂಡಿರಲಿಲ್ಲ, ಮೋಡ ಇತ್ತು. ಅಮಾಸಿ ಅಂತ ತಿಳಕೊಂಡೈತಿ.”

ಓಣಿಗೆ ಓಣಿಯೇ ಹೌದೌದು ಎಂದಿತು. ನಮ್ಮವರೂ ಹೌದೆಂದರು. ಆ ಮಾತಿನಲ್ಲಿ ಜಾಣತನ ಎಷ್ಟಿತ್ತೆಂದರೆ ನನಗೂ ನಗು ಬಂತು, ಆ ನಗುವಿನ ಮೇಲೆ ಇನ್ನೂ ಸಿಟ್ಟು ಬಂತು. ಇಷ್ಟು ಬುದ್ಧಿ ಇರುವವರು ಅದನ್ನೆಲ್ಲ ನಿದ್ದೆಯನ್ನು ಬಚ್ಚಿಡಲು ಖರ್ಚು ಮಾಡುತ್ತಿದ್ದರು.

ಯಾಕೆ ಬಚ್ಚಿಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಕಾರ್ಖಾನೆಯ ಅಂಗಳದಲ್ಲಿ. ಗಾಯ ಮಾಯ್ದ ಮೇಲೆ ಕಾರಭಾರಿ ಅಕ್ಕನನ್ನು ಬರಹೇಳಿದ. ನಾನೂ ಹೋದೆ. ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತು. ಒಳಗೆ ಹೋಗುವವರೂ ಹೊರಗೆ ಬರುವವರೂ ಅಲ್ಲೇ ಇದ್ದರು, ಕೂದಲಿಗೆಲ್ಲ ಅರಳೆ ಮೆತ್ತಿಕೊಂಡು. ಕಾರಭಾರಿ ಕಟ್ಟೆಯ ಮೇಲೆ ಕೂತಿದ್ದ.

“ರೀ ಮಾಸ್ತರ್ರ, ಛಲೋ ಆತು ನೀವು ಬಂದದ್ದು,” ಎಂದ. “ಸಾಹುಕಾರರಿಗೆ ನಾಳೆ ಒಂದು ಮಾತು ಹೇಳಬೇಕಾಗೈತಿ ನಾನು. ಇದು ಜಿನ್ನಿನ ಕಾಟ ಅಂದ್ರ, ದೇವರ ಕೈಯಾಗಿನ ಮಾತು. ಯಾರ ತಪ್ಪೂ ಅಲ್ಲ. ಸಾಹುಕಾರರು ಅಂಥಾವ್ರನ್ನ ಕೈ ಬಿಡಂಗಿಲ್ಲ, ಕಾಳು ಆರಿಸೋ ಕಡೆ ಕುಂದ್ರಸ್ತಾರ. ಚಿಗವ್ವಗ ಹಂಗ ಮಾಡ್ಯಾರಲ್ಲ. ಆದ್ರ ನೀವು ಊರೆಲ್ಲಾ ನಿದ್ದಿ ನಿದ್ದಿ ಅಂತ ಹೇಳಕೋತ ಅಡ್ಡಾಡೀರಿ. ನಿದ್ದಿ ಅಂದ್ರ, ಕೂಲಿ ತಗೊಂಡು ಮಲಗಿದಾಕಿ ಅಂತಾತು. ಮಲಗಿದಾಕಿಗೆ ಗೇಟಿನ ಹೊರಗ ದಾರಿ. ಓದಿದವ್ರು ನೀವು, ನಿಮ್ಮ ಮಾತು ದಾಟಂಗಿಲ್ಲ ನಾನು. ಯಾವುದು ಹೇಳ್ಲಿ?”

ಅವನ ಮುಖದಲ್ಲಿ ಕುಚೋದ್ಯ ಇರಲಿಲ್ಲ. ಅದೇ ನನ್ನನ್ನು ಇನ್ನೂ ಕೆರಳಿಸಿತು.

“ನಿದ್ದಿ ಬರೋ ಹಂಗ ನಿಲ್ಲಿಸಿದವ್ರು ಯಾರು?” ಎಂದೆ. “ಎರಡು ದಿನ ಸಾಲಾಗಿ ಜೋಡಿ ಪಾಳಿ ಹಾಕಿದವ್ರು ಯಾರು?”

“ಅಂದ್ರ ನಿದ್ದಿ ಅಂತ ಆತು.”

“ನಾ ಹೇಳಿದ್ದು ಪೂರಾ ಕೇಳ್ರಿ.”

“ಪೂರಾ ಕೇಳಾಕ ಸಾಹುಕಾರರಿಗೆ ಪುರುಸೊತ್ತು ಇರಂಗಿಲ್ಲ ಮಾಸ್ತರ್ರ. ಒಂದು ಮಾತು ಕೇಳತಾರ. ನಿದ್ದಿನೋ, ಜಿನ್ನೋ?”

ಸುತ್ತ ನಿಂತ ಹೆಂಗಸರು ಯಾರೂ ನನ್ನತ್ತ ನೋಡಲಿಲ್ಲ. ನೆಲ ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು. ಇಷ್ಟು ದಿನ ನಾನು ಓಣಿ ಓಣಿ ತಿರುಗಿ ಹೇಳುತ್ತಿದ್ದ ಸತ್ಯವನ್ನು ಅರ್ಧಕ್ಕೆ ಕತ್ತರಿಸಿದರೆ ಅದು ಇವರ ಕೊರಳಿಗೇ ಬರುತ್ತಿತ್ತು. ಆ ಅಂಗಳದಲ್ಲಿ ಅರ್ಧಕ್ಕಿಂತ ಹೆಚ್ಚಿನ ಸತ್ಯಕ್ಕೆ ಜಾಗವೇ ಇರಲಿಲ್ಲ. ಜಿನ್ನು ಹಿಡಿದವಳಿಗೆ ಕನಿಕರ, ಕಾಳಿನ ರಾಶಿಯ ಮುಂದೆ ಕೂರಲು ಒಂದು ಗೋಣಿತಟ್ಟು. ನಿದ್ದೆ ಬಂದವಳಿಗೆ ಗೇಟು. ಅವರು ಜಿನ್ನನ್ನು ನಂಬಿದ್ದರೋ, ಹಿಡಿದುಕೊಂಡಿದ್ದರೋ, ಇವತ್ತಿಗೂ ನನಗೆ ಖಚಿತವಿಲ್ಲ. ಎರಡೂ ಇದ್ದಿರಬೇಕು.

ಅಕ್ಕನನ್ನು ನೋಡಿದೆ. ಅವಳು ಗಾಯದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಬಾಯಿ ಬಿಗಿದು ನಿಂತಿದ್ದಳು. ನಾನು ಏನು ಹೇಳಿದರೂ ಅದನ್ನು ಒಪ್ಪುವವಳ ಹಾಗೆ ನಿಂತಿದ್ದಳು. ಅದು ನನಗೆ ಸಹಿಸಲಾಗಲಿಲ್ಲ.

“ಜಿನ್ನು,” ಎಂದೆ.

“ಜೋರಾಗಿ ಹೇಳ್ರಿ, ಇವ್ರೆಲ್ಲಾ ಕೇಳಲಿ.”

“ಜಿನ್ನೇ ಹಿಡಿದದ್ದು.”

ಹೆಂಗಸರು ಉಸಿರು ಬಿಟ್ಟರು. ಯಾರೋ, ಮಾಸ್ತರನೇ ಒಪ್ಪಿದ ಎಂದರು. ಕಾರಭಾರಿ ಎಲೆ ಉಗಿದು, ನಾಳೆಯಿಂದ ಕಾಳಿನ ಕಡೆ ಬಾ ಎಂದು ಅಕ್ಕನಿಗೆ ಹೇಳಿ ಒಳಗೆ ಹೋದ.

ಅದು ತಪ್ಪೆಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಅಕ್ಕನ ಅನ್ನದ ಎದುರು ನನ್ನ ಒಂದು ಮಾತು ಯಾವ ದೊಡ್ಡದು. ಸಿಟ್ಟು ಮಾತ್ರ ಇಳಿದಿಲ್ಲ. ಒಬ್ಬ ಮನುಷ್ಯ ಹೊಟ್ಟೆ ಬಟ್ಟೆ ಕಟ್ಟಿ, ಫೇಲಾಗಿ, ಮತ್ತೆ ಓದಿ, ತರ್ಕಶಾಸ್ತ್ರ ಕಲಿತು ಬರುವುದು ಇಂಥ ಕಟ್ಟೆಯ ಮುಂದೆ ನಿಂತು ‘ಜಿನ್ನು’ ಎಂದು ಎರಡು ಸಲ ಹೇಳುವುದಕ್ಕೆ.

ಬರುವ ದಾರಿಯಲ್ಲಿ ಮಾತು ಅವಳೇ ಶುರು ಮಾಡಿದಳು.

“ಕಾಳು ಆರಿಸೋ ಕಡಿಗೂ ಜೋಡಿ ಪಾಳಿ ಐತಿ,” ಎಂದಳು.

ನಾನು ನಿಂತುಬಿಟ್ಟೆ.

“ಹಂಗ್ಯಾಕ ನೋಡ್ತಿ? ಅಲ್ಲಿ ಕುಂತು ಮಾಡೋ ಕೆಲಸ. ಚಿಗವ್ವ ಕಂಬಕ್ಕ ಆನಿಕೊಂಡು ಗೊರಕಿ ಹೊಡೀತಾಳಂತ. ಕಾಳು ಏನು ಬೆರಳು ಕಡಿಯಂಗಿಲ್ಲಲ್ಲ.”

ನನ್ನ ಹೋರಾಟಕ್ಕೆ ಸಿಕ್ಕ ನಿದ್ದೆ ಇಷ್ಟು: ಮೂರು ಬೆರಳು ಕೊಟ್ಟ ಮೇಲೆ ಕಂಬಕ್ಕೆ ಒರಗಿ ತೂಕಡಿಸುವ ಒಂದು ಜಾಗ. ಕೈ ಗಟ್ಟಿ ಇರುವವರೆಗೆ ಅದು ಸಿಗುವುದಿಲ್ಲ.

ಅಕ್ಕ ನಿಲ್ಲುತ್ತಿದ್ದ ಯಂತ್ರಕ್ಕೆ ಅದಾಗಲೇ ಬೇರೊಬ್ಬಾಕೆ ಬಂದಿದ್ದಳು. ನಮ್ಮ ಓಣಿಗೆ ಹೊಸದಾಗಿ ಸೊಸೆಯಾಗಿ ಬಂದವಳು, ಕೈತುಂಬ ಹಸಿರು ಬಳೆ. ಆ ಸಂಜೆ ನಮ್ಮ ಬಾಗಿಲಿಗೆ ಬಂದು, ಬಳೆಯಿದ್ದರೆ ಯಂತ್ರಕ್ಕೆ ಸಿಗುತ್ತದೇನು, ತೆಗೆಯಬೇಕೇನು ಎಂದು ಅಕ್ಕನನ್ನು ಕೇಳಿದಳು. ಅಕ್ಕ, ಮೇಲಕ್ಕೆ ಸರಿಸಿ ದಾರ ಕಟ್ಟಿಕೋ ಎಂದಳು. ನನಗೆ ತಡೆಯಲಾಗಲಿಲ್ಲ. ಬಳೆಯ ಮಾತು ಹಾಗಿರಲಿ ತಂಗಿ, ಜೋಡಿ ಪಾಳಿಯ ದಿನ ಹಗಲು ಹೇಗಾದರೂ ಮಾಡಿ ಮಲಗು, ಬೆರಳು ಹೋಗುವುದು ನಿದ್ದೆಗೇಡಿನಿಂದ ಎಂದು ಮೊದಲಿನಿಂದ ಕಡೆಯವರೆಗೆ ಬಿಡಿಸಿ ಹೇಳಿದೆ.

ಆ ಹುಡುಗಿ ಮರ್ಯಾದೆಯಿಂದ ಕೇಳಿದಳು. ಕೇಳಿ ಮುಗಿದ ಮೇಲೆ ಅಕ್ಕನ ಕಡೆ ತಿರುಗಿದಳು.

“ಹೌದೇನ್ರಿ ಅಕ್ಕಾರ? ಮಧ್ಯಾಹ್ನ ಅಂಗಳದಾಗ ಜಿನ್ನು ಅಂದ್ರಲ್ಲ ಇವ್ರು, ಎಲ್ಲಾರ ಮುಂದ.”

ಅಕ್ಕ ನನ್ನ ಮುಖ ನೋಡಲಿಲ್ಲ. ಎಡಗೈಯಿಂದ ಒಲೆಗೆ ಕಟ್ಟಿಗೆ ಸರಿಸಿದಳು.

“ತಾಯಿತ ಕಟ್ಟಿಸ್ಕೋವ್ವ,” ಎಂದಳು. “ಕುರುಗೋಡಿಂದ ನಮ್ಮವ್ವ ಕಳಿಸ್ತಾಳ.”